ಸ್ವದೇಶವಿಲ್ಲದ ಸಭಾಪಾಲಕನು: ಯೋಹಾನ್ ಆಮೋಸ್ ಕೊಮೆನಿಯಸನ ಚರಿತ್ರೆ

ರಾಜ್ಯದ ಅಧಿಕಾರವು ಒಂದು ಚಿಕ್ಕ ಜನಾಂಗದ ಮೇಲೆ ಮುನಿದು ನಿಂತಾಗ ಆ ಜನರು ಮಾಡತಕ್ಕದ್ದೇನು? ಅರಸನ ಮತಕ್ಕೆ ತಲೆಬಾಗಿ ಹೊಲಮನೆಗಳನ್ನು ಉಳಿಸಿಕೊಳ್ಳಬೇಕೋ? ಎಲ್ಲವನ್ನು ಬಿಟ್ಟು ಪರದೇಶಕ್ಕೆ ಹೋಗಬೇಕೋ? ಕತ್ತಿ ಹಿಡಿಯಬೇಕೋ? ಇಲ್ಲವೆ ಹೊರಗೆ ಒಂದು ಒಳಗೆ ಒಂದಾಗಿ ಬಾಳಬೇಕೋ? ಈ ಪ್ರಶ್ನೆಗಳು ಸಭೆಯ ಚರಿತ್ರೆಯಲ್ಲಿ ಅನೇಕ ಸಾರಿ ಎದ್ದಿವೆ. ಅವುಗಳಲ್ಲಿ ಒಂದೊಂದನ್ನೂ ತನ್ನ ಜೀವಮಾನದಲ್ಲಿ ಕಂಡು, ಕೆಲವಕ್ಕೆ ಸರಿಯಾಗಿಯೂ ಕೆಲವಕ್ಕೆ ತಪ್ಪಾಗಿಯೂ ಉತ್ತರಕೊಟ್ಟ ಒಬ್ಬ ದೈವಭಕ್ತನ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ. ಲೋಕವು ಆತನನ್ನು ಮಕ್ಕಳ ಗುರುವೆಂದು ಬಲ್ಲದು. ಆದರೆ ಆತನು ಮೊದಲು ತನ್ನ ಮಂದೆಯನ್ನು ಕಳಕೊಂಡ ಒಬ್ಬ ಕುರುಬನಾಗಿದ್ದನು.

೧. ಸಹೋದರರ ಸಭೆ

ಯುರೋಪ್ ಖಂಡದ ನಡುವೆ ಬೊಹೇಮಿಯ, ಮೊರಾವಿಯ ಎಂಬ ಎರಡು ಸೀಮೆಗಳುಂಟು. ಈಗ ಅವು ಚೆಕ್ ದೇಶಕ್ಕೆ ಸೇರಿವೆ. ಅಲ್ಲಿನ ಬೋಧಕನಾದ ಯಾನ್ ಹುಸ್ ಎಂಬವನು ೧೪೧೫ರಲ್ಲಿ ಕಾನ್‌ಸ್ಟನ್ಸ್ ಪಟ್ಟಣದಲ್ಲಿ ಸುಡಲ್ಪಟ್ಟನು. ಆತನ ಉಪದೇಶವನ್ನು ಪ್ರೀತಿಸಿದವರಲ್ಲಿ ಕೆಲವರು ೧೪೫೭ರಲ್ಲಿ ಕುನ್ವಾಲ್ಡ್ ಎಂಬ ಹಳ್ಳಿಯಲ್ಲಿ ಕೂಡಿ, ಒಬ್ಬರನ್ನೊಬ್ಬರು ಸಹೋದರರೆಂದು ಕರೆಯುತ್ತಾ ಸರಳವಾದ ಜೀವನ ಮಾಡತೊಡಗಿದರು. ಇವರ ಸಭೆಗೆ ಸಹೋದರರ ಐಕ್ಯವೆಂಬ ಹೆಸರಾಯಿತು. ಲೂಥರನು ಹುಟ್ಟುವ ಮೊದಲೇ ಈ ಸಭೆಯು ಹುಟ್ಟಿತ್ತೆಂಬದನ್ನು ಗಮನಿಸಬೇಕು. ಇವರು ಎಣಿಕೆಯಲ್ಲಿ ಎಂದಿಗೂ ಹೆಚ್ಚಲಿಲ್ಲ. ಆದರೂ ೧೫೭೯ರಿಂದ ೧೫೯೪ರ ವರೆಗೆ ಸತ್ಯವೇದವನ್ನು ಮೂಲಭಾಷೆಗಳಿಂದ ಚೆಕ್ ಭಾಷೆಗೆ ತಿರುಗಿಸಿ ಕ್ರಾಲಿತ್ಸೆ ಎಂಬ ಊರಿನಲ್ಲಿ ಆರು ಸಂಪುಟಗಳಾಗಿ ಅಚ್ಚುಹಾಕಿಸಿದರು. ಒಕ್ಕಲಿಗರ ಮನೆಗಳಿಗೂ ಆ ಪುಸ್ತಕವು ಹೋಯಿತು. ಮುಂದೆ ಆ ಪುಸ್ತಕವೇ ಅವರಿಗೆ ಸಭಾಮಂದಿರವೂ ಬೋಧಕನೂ ಆಗಬೇಕಾಗಿತ್ತು.

೨. ಬಾಲ್ಯವೂ ವಿದ್ಯಾಭ್ಯಾಸವೂ

ಯೋಹಾನ್ ಆಮೋಸ್ ಕೊಮೆನಿಯಸನು ೧೫೯೨ನೇ ಮಾರ್ಚ್ ೨೮ರಲ್ಲಿ ಮೊರಾವಿಯದ ಆಗ್ನೇಯ ಭಾಗದಲ್ಲಿ ಹುಟ್ಟಿದನು. ತಂದೆತಾಯಿಗಳು ಸಹೋದರರ ಸಭೆಯವರು. ಬಾಲಕನು ಇನ್ನೂ ಚಿಕ್ಕವನಾಗಿರುವಾಗಲೇ ತಂದೆಯೂ ತಾಯಿಯೂ ಇಬ್ಬರು ಅಕ್ಕತಂಗಿಯರೂ ತೀರಿಹೋದರು. ತಂದೆಯ ಸಂಬಂಧಿಕಳೊಬ್ಬಳು ಅವನನ್ನು ಸಾಕಿದಳು. ಹದಿನಾರು ವರ್ಷದವನಾದ ಮೇಲೆಯೇ ಪ್ರೆರೋವ್ ಪಟ್ಟಣದ ಲ್ಯಾಟಿನ್ ಶಾಲೆಗೆ ಸೇರುವ ಅವಕಾಶ ಅವನಿಗೆ ದೊರೆಯಿತು. ಅರ್ಥ ತಿಳಿಯದ ಸೂತ್ರಗಳನ್ನು ಬೆತ್ತದ ಭಯದಿಂದ ಬಾಯಿಪಾಠ ಮಾಡಿಸುವ ಪದ್ಧತಿಯು ಆ ಕಾಲದ ಶಾಲೆಗಳಲ್ಲಿತ್ತು. ತಡವಾಗಿ ಬಂದ ಈ ವಿದ್ಯಾರ್ಥಿಯು ಅದರ ಕಷ್ಟವನ್ನು ಚಿಕ್ಕ ಮಕ್ಕಳಿಗಿಂತಲೂ ಚೆನ್ನಾಗಿ ಕಂಡುಕೊಂಡನು, ಮುಪ್ಪಿನ ವರೆಗೂ ಮರೆಯಲಿಲ್ಲ.

ಸಭೆಯವರು ಅವನನ್ನು ೧೬೧೧ರಲ್ಲಿ ಜರ್ಮನಿಯ ಹೆರ್ಬಾರ್ನ್ ವಿದ್ಯಾಲಯಕ್ಕೂ ಆಮೇಲೆ ಹೈಡೆಲ್‌ಬರ್ಗ್ ವಿದ್ಯಾಲಯಕ್ಕೂ ಕಳುಹಿಸಿದರು. ಅಲ್ಲಿ ಅವನು ಭೂಮಿಯು ಸೂರ್ಯನನ್ನು ಸುತ್ತುತ್ತದೆಂದು ಬರೆದ ಕೊಪರ್ನಿಕಸನ ಕೈಬರಹದ ಗ್ರಂಥವನ್ನೇ ಕೊಂಡುಕೊಂಡನು. ಬಳಿಕ ಕೈಯಲ್ಲಿ ಹಣವಿಲ್ಲದೆ ೧೬೧೪ರಲ್ಲಿ ಕಾಲ್ನಡೆಯಾಗಿ ಸ್ವದೇಶಕ್ಕೆ ಹಿಂತಿರುಗಿದನು. ೧೬೧೬ರಲ್ಲಿ ಬೋಧಕನಾಗಿ ನೇಮಕಹೊಂದಿ, ೧೬೧೮ರಲ್ಲಿ ಫುಲ್ನೆಕ್ ಎಂಬ ಊರಿನ ಸಭಾಪಾಲಕನಾದನು. ಅದೇ ವರ್ಷ ಮಗ್ದಲೇನ ಎಂಬ ಕನ್ಯೆಯನ್ನು ಮದುವೆಯಾದನು. ಫುಲ್ನೆಕಿನ ಸುತ್ತಲಿನ ಹಳ್ಳಿಗಳಲ್ಲಿ ಜರ್ಮನ್ ಭಾಷೆಯನ್ನಾಡುವ ಅನೇಕ ಸಹೋದರರಿದ್ದರು. ಆತನು ಅವರಿಗೆ ದೇವರ ವಾಕ್ಯವನ್ನು ಬೋಧಿಸಿದನು, ಮಕ್ಕಳಿಗೆ ಶಾಲೆ ನಡಿಸಿದನು. ಹಂಗೇರಿ ದೇಶದಿಂದ ಜೇನುಗೂಡುಗಳನ್ನು ತರಿಸಿ ಜೇನುಸಾಕಣೆಯನ್ನು ಸಹ ಕಲಿಸಿದನೆಂದು ಆ ಊರಿನವರು ಹೇಳುತ್ತಾ ಬಂದಿದ್ದಾರೆ. ಆತನ ಜೀವಮಾನದಲ್ಲಿ ಸ್ವಂತ ಸಭೆ, ಸ್ವಂತ ಮನೆ, ಸ್ವಂತ ನಾಡು ಎಂಬ ಮೂರೂ ಕೂಡಿ ಇದ್ದದ್ದು ಈ ಮೂರು ವರ್ಷಗಳು ಮಾತ್ರವೇ.

೩. ಬಿಳಿಬೆಟ್ಟದ ಯುದ್ಧ

ಆ ಕಾಲದಲ್ಲಿ ಬೊಹೇಮಿಯದ ಹೆಚ್ಚು ಜನರು ರೋಮಿನ ಸಭೆಗೆ ಸೇರದವರು. ಆದರೆ ಅವರನ್ನು ಆಳುತ್ತಿದ್ದ ಹಾಬ್ಸ್‌ಬರ್ಗ್ ವಂಶದ ಅರಸರು ರೋಮನ್ ಕಥೋಲಿಕರು. ೧೬೦೯ರಲ್ಲಿ ರುಡೋಲ್ಫ್ ಚಕ್ರವರ್ತಿಯು ಪ್ರಜೆಗಳಿಗೆ ಮತಸ್ವಾತಂತ್ರ್ಯವನ್ನು ಕೊಟ್ಟು ಒಂದು ಸನ್ನದನ್ನು ಬರೆದುಕೊಟ್ಟಿದ್ದನು. ಆತನ ತರುವಾಯ ಬಂದವರು ಆ ಸನ್ನದನ್ನು ಸ್ವಲ್ಪ ಸ್ವಲ್ಪವಾಗಿ ಮುರಿದರು; ಎರಡು ಊರುಗಳ ಸಭಾಮಂದಿರಗಳಲ್ಲಿ ಒಂದನ್ನು ಮುಚ್ಚಿಸಿ ಇನ್ನೊಂದನ್ನು ಕೆಡವಿಸಿದರು. ಇದರಿಂದ ಸಿಟ್ಟಿಗೆದ್ದ ಪ್ರೊಟೆಸ್ಟಂಟ್ ಮುಖ್ಯಸ್ಥರು ೧೬೧೮ರ ಮೇ ತಿಂಗಳಲ್ಲಿ ಪ್ರಾಗ್ ಕೋಟೆಗೆ ಹೋಗಿ ಅರಸನ ಅಧಿಕಾರಿಗಳನ್ನು ಕಿಟಿಕಿಯಿಂದ ಹೊರಕ್ಕೆ ದಬ್ಬಿದರು. ಬಿದ್ದವರು ಸಾಯಲಿಲ್ಲ, ಆದರೆ ದೇಶದಲ್ಲಿ ಯುದ್ಧವು ಹುಟ್ಟಿತು. ಮುಖ್ಯಸ್ಥರು ತಮ್ಮ ಅರಸನಾದ ಫೆರ್ಡಿನಾಂಡನನ್ನು ತಳ್ಳಿ ಬೇರೊಬ್ಬನಿಗೆ ಪಟ್ಟಕಟ್ಟಿದರು. ೧೬೨೦ನೇ ನವೆಂಬರ್ ೮ರಲ್ಲಿ ಪ್ರಾಗ್ ಬಳಿಯ ಬಿಳಿಬೆಟ್ಟದ ಮೇಲೆ ಕಾದಾಟ ನಡೆದು, ಸುಮಾರು ಎರಡು ತಾಸಿನೊಳಗೆ ಅವರ ಸೈನ್ಯವು ಚದರಿಹೋಯಿತು.

ಅನಂತರ ಬಂದ ಮುಯ್ಯಿ ಭಯಂಕರವಾದದ್ದು. ೧೬೨೧ನೇ ಜೂನ್ ೨೧ರಲ್ಲಿ ಪ್ರಾಗಿನ ಹಳೇ ಪೇಟೆಯ ಚೌಕದಲ್ಲಿ ೨೭ ಮಂದಿ ಮುಖ್ಯಸ್ಥರಿಗೆ ಮರಣದಂಡನೆಯಾಯಿತು. ಅವರಲ್ಲಿ ೧೨ ಮಂದಿಯ ತಲೆಗಳನ್ನು ಸೇತುವೆಯ ಬುರುಜಿನ ಮೇಲೆ ನೇತುಹಾಕಿದರು. ಹತ್ತು ವರ್ಷಗಳ ವರೆಗೆ ಅವು ಅಲ್ಲಿಯೇ ತೂಗಾಡಿದವು. ಕತ್ತಿ ಹಿಡಿದವರು ದಂಡನೆ ಹೊಂದಿದ್ದು ಒಂದು ಸಂಗತಿ. ಆದರೆ ಕತ್ತಿಯನ್ನು ಮುಟ್ಟದ ಬೋಧಕರೂ ಶಾಲೆಯ ಗುರುಗಳೂ ಹಳ್ಳಿಯ ವಿಧವೆಯರೂ ಅದೇ ತೀರ್ಪಿಗೆ ಒಳಗಾದರು. ದೊಡ್ಡವರ ಕಲಹದಲ್ಲಿ ಚಿಕ್ಕವರು ತೆರುವ ದಂಡವು ಎಲ್ಲಾ ದೇಶಗಳಲ್ಲಿಯೂ ಹೀಗೆಯೇ ಇರುತ್ತದೆ.

೪. ಅಡಗಿದ್ದ ವರ್ಷಗಳು

ಚಕ್ರವರ್ತಿಯ ಸೈನ್ಯದಲ್ಲಿದ್ದ ಸ್ಪೇನ್ ದೇಶದ ಸಿಪಾಯಿಗಳು ೧೬೨೧ರಲ್ಲಿ ಫುಲ್ನೆಕನ್ನು ಸುಲಿದರು. ಕೊಮೆನಿಯಸನು ತಪ್ಪಿಸಿಕೊಂಡು ಹೋಗಬೇಕಾಯಿತು. ಬೋಧಕನು ಸಿಕ್ಕಿದರೆ ಮನೆಯವರಿಗೂ ಅಪಾಯವಿತ್ತು. ಅಡಗಿದ ಸ್ಥಳದಿಂದ ಆತನು ಹೆಂಡತಿಯನ್ನು ಸಂತೈಸುವದಕ್ಕಾಗಿ ಕ್ರೈಸ್ತರ ಪೂರ್ಣತೆಯನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದು ಆಕೆಗೆ ಅರ್ಪಿಸಿದನು. ಆದರೆ ೧೬೨೨ರಲ್ಲಿ ಬಂದ ಮಾರಿಬೇನೆಯಲ್ಲಿ ಆಕೆಯೂ ಇಬ್ಬರು ಮಕ್ಕಳೂ ಸತ್ತುಹೋದರು. ಆತನು ಅವರ ಬಳಿಯಲ್ಲಿರಲಿಲ್ಲ. ಮರುವರ್ಷ ಫುಲ್ನೆಕಿನಲ್ಲಿ ಉಳಿದಿದ್ದ ಆತನ ಪುಸ್ತಕಗಳನ್ನು ಸುಟ್ಟುಬಿಟ್ಟರು.

ಆ ದಿನಗಳಲ್ಲಿ ಕಾರೆಲ್ ಜೆರೊಟೀನ್ ಎಂಬ ಪ್ರಭುವು ಆತನಿಗೂ ಅನೇಕ ಬೋಧಕರಿಗೂ ಆಶ್ರಯಕೊಟ್ಟನು. ಈ ಪ್ರಭುವು ಸಹೋದರರ ಸಭೆಯವನಾದರೂ ಅರಸನಿಗೆ ವಿರೋಧವಾಗಿ ಎದ್ದವರ ಸಂಗಡ ಸೇರಿರಲಿಲ್ಲ. ತನ್ನ ಪ್ರಮಾಣವನ್ನು ಮುರಿಯುವದು ತಪ್ಪೆಂದು ಆತನು ಎಣಿಸಿದ್ದರಿಂದ ಸ್ವಂತ ಜನರೇ ಆತನನ್ನು ದ್ರೋಹಿಯೆಂದು ನಿಂದಿಸಿದ್ದರು. ಈಗ ಅದೇ ನಿಷ್ಠೆಯ ನಿಮಿತ್ತ ಕೆಲವು ವರ್ಷ ಆತನ ಜಹಗೀರು ಉಳಿಯಿತು, ನಿಂದಿಸಿದವರ ಬೋಧಕರಿಗೆ ಅದರಲ್ಲಿ ಸ್ಥಳವೂ ದೊರೆಯಿತು. ಬ್ರಾಂಡೀಸ್ ಎಂಬಲ್ಲಿ ಆತನ ಆಶ್ರಯದಲ್ಲಿದ್ದಾಗ ಕೊಮೆನಿಯಸನು ೧೬೨೩ರಲ್ಲಿ ಚೆಕ್ ಭಾಷೆಯಲ್ಲಿ ಒಂದು ಸಾಮ್ಯರೂಪವಾದ ಗ್ರಂಥವನ್ನು ಬರೆದನು. ಒಬ್ಬ ಯಾತ್ರಿಕನು ಲೋಕವೆಂಬ ಪಟ್ಟಣದ ಬೀದಿಗಳಲ್ಲೆಲ್ಲಾ ಅಲೆದು, ಎಲ್ಲಿಯೂ ನೆಮ್ಮದಿ ಕಾಣದೆ, ಕಡೆಗೆ ತನ್ನ ಹೃದಯದೊಳಗೆ ಕ್ರಿಸ್ತನನ್ನು ಕಂಡು ವಿಶ್ರಾಂತಿ ಹೊಂದುವದೇ ಅದರ ಸಾರಾಂಶ. ಇಂಗ್ಲೆಂಡಿನ ಬನ್ಯನನು ತನ್ನ ಯಾತ್ರಿಕನ ಕಥೆಯನ್ನು ಬರೆದದ್ದು ಇದಕ್ಕೆ ಐವತ್ತಕ್ಕೆ ಮೇಲ್ಪಟ್ಟ ವರ್ಷಗಳ ತರುವಾಯ.

೫. ರಾಜಾಜ್ಞೆಯೂ ಗಡಿ ದಾಟುವಿಕೆಯೂ

೧೬೨೭ರಲ್ಲಿ ಬೊಹೇಮಿಯಕ್ಕೂ ೧೬೨೮ರಲ್ಲಿ ಮೊರಾವಿಯಕ್ಕೂ ಹೊಸ ರಾಜಶಾಸನವು ಹೊರಟಿತು. ದೇಶದಲ್ಲಿ ರೋಮಿನ ಮತವೊಂದೇ ಇರತಕ್ಕದ್ದು. ಪ್ರಭುಗಳೂ ಪಟ್ಟಣದವರೂ ಅದಕ್ಕೆ ಸೇರಬೇಕು, ಇಲ್ಲವೆ ಗೊತ್ತುಮಾಡಿದ ತಿಂಗಳುಗಳೊಳಗೆ ದೇಶಬಿಟ್ಟು ಹೋಗಬೇಕು. ಸಾವಿರಾರು ಕುಟುಂಬಗಳು ಹೊರಟುಹೋದವು. ಆದರೆ ಒಕ್ಕಲಿಗರಿಗೆ ಹೋಗುವ ಹಕ್ಕು ಸಹ ಇರಲಿಲ್ಲ. ಅವರು ಭೂಮಿಗೆ ಕಟ್ಟಲ್ಪಟ್ಟ ಆಳುಗಳಾಗಿ ತಮ್ಮ ಧಣಿಗಳ ಸ್ವತ್ತಾಗಿದ್ದರು. ಓಡಿಹೋದವನು ಸಿಕ್ಕಿದರೆ ಶಿಕ್ಷೆ, ನಿಂತವನಿಗೆ ಮತಾಂತರ. ಒಪ್ಪದವರ ಮನೆಗಳಲ್ಲಿ ಸಿಪಾಯಿಗಳನ್ನು ಇರಿಸಿ, ಮನೆಯವರ ಕಣಜವನ್ನೂ ಕೊಟ್ಟಿಗೆಯನ್ನೂ ತಿಂದು ಮುಗಿಸುವಂತೆ ಮಾಡುತ್ತಿದ್ದರು. ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿದ್ದಕ್ಕೆ ಚೀಟಿ ತೋರಿಸಬೇಕೆಂಬ ಕಟ್ಟಳೆಯೂ ಇತ್ತು. ಹೀಗೆ ಮನುಷ್ಯನ ಮನಸ್ಸಾಕ್ಷಿಯು ಸರಕಾರಿ ದಫ್ತರದಲ್ಲಿ ಬರೆಯುವ ಒಂದು ಲೆಕ್ಕವಾಯಿತು.

ಕೊಮೆನಿಯಸನು ೧೬೨೪ರಲ್ಲಿ ಸಹೋದರರ ಮೇಲಧ್ಯಕ್ಷನೊಬ್ಬನ ಮಗಳಾದ ದೊರೋತಿಯನ್ನು ಮದುವೆಯಾಗಿದ್ದನು. ೧೬೨೮ರ ಫೆಬ್ರವರಿ ತಿಂಗಳ ಚಳಿಯಲ್ಲಿ ಆತನೂ ಆತನ ಮನೆಯವರೂ ಕೆಲವು ಜೊತೆಗಾರರೂ ಬೆಟ್ಟದ ದಾರಿಯಾಗಿ ಗಡಿ ದಾಟಿ ಪೋಲೆಂಡಿನ ಕಡೆಗೆ ಹೋದರು. ಗಡಿಯ ಮೇಲೆ ಆತನು ಹಿಂದಿರುಗಿ ನೋಡಿ, ಈ ನಾಡಿನಲ್ಲಿ ಸತ್ಯದ ಬೀಜವೊಂದನ್ನು ಉಳಿಸಬೇಕೆಂದು ಮೊಣಕಾಲೂರಿ ದೇವರನ್ನು ಬೇಡಿಕೊಂಡನೆಂದು ಸಹೋದರರಲ್ಲಿ ಪರಂಪರೆಯಾಗಿ ಹೇಳುತ್ತಾರೆ. ಆಗ ಆತನಿಗೆ ೩೫ ವರ್ಷ. ಇನ್ನೂ ೪೨ ವರ್ಷ ಬದುಕಿದರೂ ಆತನು ಸ್ವದೇಶಕ್ಕೆ ತಿರುಗಿ ವಾಸಕ್ಕೆ ಬರಲೇ ಇಲ್ಲ.

೬. ಶಾಲೆಯ ಕೆಲಸ

ಪೋಲೆಂಡಿನ ಲೆಶ್ನೋ ಎಂಬ ಪಟ್ಟಣವು ಒಬ್ಬ ಪ್ರೊಟೆಸ್ಟಂಟ್ ಪ್ರಭುವಿನದಾಗಿತ್ತು. ಸಹೋದರರು ಅಲ್ಲಿ ನೆಲಸಿದರು. ಕೊಮೆನಿಯಸನು ಅಲ್ಲಿನ ಶಾಲೆಯಲ್ಲಿ ಗುರುವಾದನು. ಬಾಗಿಲು ತೆರೆದರೆ ಮಾರನೆಯ ದಿನವೇ ಊರಿಗೆ ಹೋಗುತ್ತೇವೆಂಬ ನಿರೀಕ್ಷೆಯಿಂದ ಆತನು ತನ್ನ ಜನರಿಗಾಗಿ ಬೋಧನಕ್ರಮದ ಒಂದು ಗ್ರಂಥವನ್ನು ಮೊದಲು ಚೆಕ್ ಭಾಷೆಯಲ್ಲಿಯೇ ಬರೆದನು. ಹಾಳಾದ ನಾಡನ್ನು ತಿರುಗಿ ಕಟ್ಟುವದಾದರೆ ಮಕ್ಕಳಿಂದಲೇ ಆರಂಭಿಸಬೇಕೆಂದು ಆತನ ಅಭಿಪ್ರಾಯ. ಗಂಡು ಹೆಣ್ಣು, ಬಡವ ಬಲ್ಲಿದ ಎಂಬ ಭೇದವಿಲ್ಲದೆ ಎಲ್ಲಾ ಮಕ್ಕಳಿಗೂ ವಿದ್ಯೆ ಬೇಕು. ಮೊದಲು ಮಾತೃಭಾಷೆಯಲ್ಲಿ ಕಲಿಸಬೇಕು. ವಸ್ತುವನ್ನು ತೋರಿಸಿ ಶಬ್ದವನ್ನು ಹೇಳಬೇಕು. ಹೊಡೆದು ಕಲಿಸಬಾರದು ಎಂಬವೇ ಅದರ ಮುಖ್ಯ ಬೋಧನೆಗಳು. ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟ ಯಾವ ಮಗುವನ್ನೂ ಅಜ್ಞಾನಕ್ಕೆ ಬಿಡುವ ಅಧಿಕಾರ ಯಾರಿಗೂ ಇಲ್ಲವೆಂಬದೇ ಅದಕ್ಕೆ ಆಧಾರ.

೧೬೩೧ರಲ್ಲಿ ಆತನು ಬರೆದ ಲ್ಯಾಟಿನ್ ಭಾಷೆಯ ಪ್ರವೇಶಗ್ರಂಥವು ಸುಮಾರು ೮,೦೦೦ ಶಬ್ದಗಳನ್ನು ೧,೦೦೦ ವಾಕ್ಯಗಳಲ್ಲಿ ಕ್ರಮವಾಗಿ ಕಲಿಸುತ್ತದೆ. ಅದು ಸ್ವಲ್ಪ ಕಾಲದಲ್ಲಿಯೇ ಯುರೋಪಿನ ಅನೇಕ ಭಾಷೆಗಳಿಗೆ ತಿರುಗಿಸಲ್ಪಟ್ಟಿತು. ಊರಿಲ್ಲದವನ ಹೆಸರು ಎಲ್ಲಾ ಊರುಗಳಲ್ಲಿಯೂ ಪ್ರಸಿದ್ಧವಾಯಿತು. ೧೬೪೧ರಲ್ಲಿ ಇಂಗ್ಲೆಂಡಿನವರು ಆತನನ್ನು ಕರೆಸಿದರು. ಅಲ್ಲಿ ಅಂತರ್ಯುದ್ಧದ ಮೋಡ ಕವಿದದ್ದರಿಂದ ಆತನು ೧೬೪೨ರಲ್ಲಿ ಸ್ವೀಡನಿಗೆ ಹೊರಟನು. ಆ ದೇಶದ ಮಂತ್ರಿಯಾದ ಉಕ್ಸೆನ್‌ಶೆರ್ನನು ತಮ್ಮ ಶಾಲೆಗಳಿಗೆ ಪುಸ್ತಕಗಳನ್ನು ಬರೆಯಬೇಕೆಂದು ಕೇಳಿದನು. ಕೊಮೆನಿಯಸನು ಆರು ವರ್ಷ ಆ ಕೆಲಸದಲ್ಲಿ ದುಡಿದನು. ಸಂಬಳದ ಆಶೆಗಿಂತ ಬೇರೊಂದು ಆಶೆ ಆತನಲ್ಲಿತ್ತು. ಯುದ್ಧದಲ್ಲಿ ಗೆಲ್ಲುತ್ತಿದ್ದ ಸ್ವೀಡನ್ ದೇಶವು ಸಂಧಿಯಾಗುವ ದಿನದಲ್ಲಿ ತನ್ನ ಜನರ ಪಕ್ಷವಾಗಿ ಮಾತಾಡಿ ಅವರನ್ನು ಮನೆಗೆ ಮುಟ್ಟಿಸುವದೆಂದು ಆತನು ನಂಬಿದ್ದನು.

೭. ಮುರಿದ ನಿರೀಕ್ಷೆ

೧೬೪೮ರಲ್ಲಿ ಸಂಧಿಯಾಯಿತು. ಮೂವತ್ತು ವರ್ಷದ ಯುದ್ಧ ಮುಗಿಯಿತೆಂದು ಯುರೋಪಿನ ಘಂಟೆಗಳೆಲ್ಲಾ ಬಾರಿಸಿದವು. ಆದರೆ ಹಾಬ್ಸ್‌ಬರ್ಗ್ ಅರಸರ ಸ್ವಂತ ಸೀಮೆಗಳಲ್ಲಿ ಮತದ ವಿಷಯವನ್ನು ಅವರ ಇಷ್ಟಕ್ಕೇ ಬಿಡಲಾಯಿತು. ಬೊಹೇಮಿಯ ಮೊರಾವಿಯಗಳಿಂದ ಹೊರಟುಹೋದವರನ್ನು ಯಾರೂ ನೆನಸಲಿಲ್ಲ. ಕೊಮೆನಿಯಸನು ಮಂತ್ರಿಗೆ ದುಃಖದಿಂದ ಪತ್ರ ಬರೆದನು, ಪ್ರಯೋಜನವಾಗಲಿಲ್ಲ. ಅದೇ ವರ್ಷ ದೊರೋತಿಯೂ ತೀರಿಕೊಂಡಳು. ಸಭೆಯ ಮೇಲಧ್ಯಕ್ಷನ ಭಾರವು ಆತನ ಮೇಲೆ ಬಿತ್ತು. ೧೬೫೦ರಲ್ಲಿ ಆತನು ತನ್ನ ಸಭೆಯನ್ನು ಸಾಯುವ ತಾಯಿಗೆ ಹೋಲಿಸಿ ಒಂದು ಮರಣಶಾಸನವನ್ನು ಬರೆದನು. ಅದರಲ್ಲಿ ಆ ತಾಯಿಯು ಶಾಪವನ್ನಲ್ಲ, ಆಸ್ತಿಯನ್ನೇ ಹಂಚುತ್ತಾಳೆ. ಬೇರೆ ಬೇರೆ ಸಭೆಗಳಿಗೆ ಅವರವರಿಗೆ ತಕ್ಕ ಬಾಗಗಳನ್ನು ಕೊಟ್ಟು, ತನ್ನ ಜನಾಂಗಕ್ಕೆ ದೇವರ ವಾಕ್ಯವನ್ನೂ ಮಾತೃಭಾಷೆಯ ಪ್ರೀತಿಯನ್ನೂ ಸ್ವಾತಂತ್ರ್ಯವು ಒಂದು ದಿನ ತಿರುಗಿ ಬರುವದೆಂಬ ನಿರೀಕ್ಷೆಯನ್ನೂ ಬಿಟ್ಟುಹೋಗುತ್ತಾಳೆ. ೧೯೧೮ರಲ್ಲಿ ಆ ದೇಶವು ಸ್ವತಂತ್ರವಾದಾಗ ಅದರ ಮೊದಲನೇ ಅಧ್ಯಕ್ಷನಾದ ಮಸಾರಿಕನು ಈ ಗ್ರಂಥವನ್ನೇ ಸ್ಮರಿಸಿದನು.

ಇಲ್ಲಿ ಆತನ ತಪ್ಪನ್ನೂ ಮರೆಮಾಡದೆ ಹೇಳಬೇಕು. ದೀರ್ಘಕಾಲ ಹಿಂಸೆಯಲ್ಲಿರುವ ಜನರು ಬಿಡುಗಡೆಯ ಸುದ್ದಿಯನ್ನು ಯಾರು ತಂದರೂ ನಂಬುತ್ತಾರೆ. ಚಕ್ರವರ್ತಿಯ ವಂಶವು ಬೇಗನೆ ನಾಶವಾಗುವದೆಂದು ಹೇಳಿದ ಮೂರು ಮಂದಿ ದರ್ಶನಗಾರರ ಮಾತುಗಳನ್ನು ಕೊಮೆನಿಯಸನು ದೇವರ ಮಾತುಗಳೆಂದು ನಂಬಿ ೧೬೫೭ರಲ್ಲಿ ಅಚ್ಚುಹಾಕಿಸಿದನು. ಅವರಲ್ಲಿ ಒಬ್ಬನಾದ ದ್ರಾಬೀಕನು ಆತನ ಬಾಲ್ಯದ ಗೆಳೆಯನು. ಹೇಳಿದ ಗಡುವುಗಳೆಲ್ಲಾ ಕಳೆದುಹೋದವು, ವಂಶವು ನಾಶವಾಗಲಿಲ್ಲ. ದ್ರಾಬೀಕನು ೧೬೭೧ರಲ್ಲಿ ಮರಣದಂಡನೆ ಹೊಂದಿದನು. ಇದಲ್ಲದೆ ೧೬೫೫ರಲ್ಲಿ ಸ್ವೀಡನಿನ ಅರಸನು ಪೋಲೆಂಡಿನ ಮೇಲೆ ದಂಡೆತ್ತಿ ಬಂದಾಗ ಕೊಮೆನಿಯಸನು ಆತನನ್ನು ಹೊಗಳಿ ಲ್ಯಾಟಿನ್ ಭಾಷೆಯಲ್ಲಿ ಒಂದು ಸ್ತುತಿಯನ್ನು ಬರೆದನು. ಲೆಶ್ನೋ ಪಟ್ಟಣವು ಸ್ವೀಡನಿನವರಿಗೆ ಬಾಗಿಲು ತೆರೆಯಿತು. ಇಪ್ಪತ್ತೇಳು ವರ್ಷ ಅನ್ನವಿಟ್ಟ ದೇಶದವರು ಇದನ್ನು ಹೇಗೆ ಸಹಿಸಿಯಾರು?

೧೬೫೬ರ ಏಪ್ರಿಲ್ ತಿಂಗಳಲ್ಲಿ ಪೋಲೆಂಡಿನ ಸೈನ್ಯದವರು ಪಟ್ಟಣವನ್ನು ಸುಟ್ಟುಬಿಟ್ಟರು. ಕೊಮೆನಿಯಸನು ಜೀವದಿಂದ ತಪ್ಪಿಸಿಕೊಂಡನು; ಮನೆಯೂ ಪುಸ್ತಕಗಳೂ ಬೂದಿಯಾದವು. ವಿದ್ಯಾರ್ಥಿಯಾಗಿದ್ದ ದಿನದಿಂದ ನಾಲ್ವತ್ತಕ್ಕೆ ಹೆಚ್ಚು ವರ್ಷ ಕೂಡಿಸುತ್ತಾ ಬಂದಿದ್ದ ಚೆಕ್ ಭಾಷೆಯ ದೊಡ್ಡ ನಿಘಂಟು ಆ ಬೆಂಕಿಯಲ್ಲಿ ಹೋಯಿತು. ಸಾಯುವ ವರೆಗೂ ಆತನು ಆ ನಷ್ಟಕ್ಕಾಗಿ ದುಃಖಿಸಿದನು. ಅರಸರಲ್ಲಿ ಭರವಸವಿಡಬಾರದೆಂಬ ಪಾಠವನ್ನು ಇತರರಿಗೆ ಬೋಧಿಸುತ್ತಿದ್ದವನೇ ಅದನ್ನು ಎಲ್ಲರಿಗಿಂತಲೂ ಹೆಚ್ಚು ಬೆಲೆಕೊಟ್ಟು ಕಲಿಯಬೇಕಾಯಿತು.

೮. ಆಮ್ಸ್ಟರ್‌ಡಾಮಿನಲ್ಲಿ

ಮುದುಕನಾದ ದೇಶಭ್ರಷ್ಟನಿಗೆ ಹಾಲೆಂಡಿನ ಆಮ್ಸ್ಟರ್‌ಡಾಮ್ ಪಟ್ಟಣವು ಆಶ್ರಯಕೊಟ್ಟಿತು. ೧೬೫೭ರಲ್ಲಿ ಆತನ ಬೋಧನಗ್ರಂಥಗಳೆಲ್ಲಾ ಕೂಡಿ ಅಲ್ಲಿ ಅಚ್ಚಾದವು. ೧೬೫೮ರಲ್ಲಿ ನ್ಯೂರೆಂಬರ್ಗಿನಲ್ಲಿ ಆತನ ಚಿತ್ರಪುಸ್ತಕವು ಹೊರಟಿತು. ಅದರ ೧೫೦ ಚಿತ್ರಗಳಲ್ಲಿ ಆಕಾಶ, ಬೆಂಕಿ, ಹೊಲದ ಕೆಲಸ, ರೊಟ್ಟಿ ಸುಡುವದು, ಜೇನುಸಾಕಣೆ ಮೊದಲಾದವುಗಳನ್ನು ತೋರಿಸಿ, ಪ್ರತಿಯೊಂದಕ್ಕೂ ಹೆಸರನ್ನು ಲ್ಯಾಟಿನಿನಲ್ಲಿಯೂ ಜರ್ಮನಿನಲ್ಲಿಯೂ ಕೊಟ್ಟಿತ್ತು. ಈಗ ನಮ್ಮ ಮಕ್ಕಳು ಚಿತ್ರ ನೋಡಿ ಅಕ್ಷರ ಕಲಿಯುವ ಪದ್ಧತಿಗೆ ಆ ಪುಸ್ತಕವನ್ನು ತಾಯಿಯೆನ್ನಬಹುದು.

ಆದರೆ ಆತನು ೧೬೬೧ರಲ್ಲಿ ಅಚ್ಚುಹಾಕಿಸಿದ ಬೇರೊಂದು ಚಿಕ್ಕ ಪುಸ್ತಕವು ನಮ್ಮಂಥ ಹಳ್ಳಿಯ ಸಭೆಗಳವರಿಗೆ ಇನ್ನೂ ಪ್ರಿಯವಾಗಬೇಕು. ಅದು ಜರ್ಮನ್ ಭಾಷೆಯಲ್ಲಿ ಬರೆದ ಒಂದು ಪ್ರಶ್ನೋತ್ತರ ಬೋಧೆ. ನಾಲ್ವತ್ತು ವರ್ಷಗಳ ಹಿಂದೆ ಬಿಟ್ಟುಬಂದ ಫುಲ್ನೆಕಿನ ಸುತ್ತಲಿನ ಹಳ್ಳಿಗಳಲ್ಲಿ ಗುಪ್ತವಾಗಿ ಉಳಿದ ಕುರಿಗಳಿಗೆ ಆತನು ಅದನ್ನು ಅರ್ಪಿಸಿದನು. ಆ ಹಳ್ಳಿಗಳ ಹೆಸರುಗಳನ್ನು ಪೂರ್ತಿಯಾಗಿ ಬರೆದರೆ ಅಧಿಕಾರಿಗಳು ಅಲ್ಲಿಗೆ ಹೋಗಿ ಹಿಂಸಿಸುವರಲ್ಲವೇ? ಆದಕಾರಣ ಪ್ರತಿ ಹಳ್ಳಿಯ ಹೆಸರಿನ ಮೊದಲನೇ ಅಕ್ಷರವನ್ನು ಮಾತ್ರ ಅಚ್ಚುಹಾಕಿಸಿದನು. ಅರಸರಿಗೂ ಮಂತ್ರಿಗಳಿಗೂ ಪತ್ರ ಬರೆದು ಬೇಸತ್ತ ಲೋಕಪ್ರಸಿದ್ಧ ಪಂಡಿತನು ಆ ಒಂದೊಂದು ಅಕ್ಷರದ ಹಿಂದೆ ಇದ್ದ ಒಕ್ಕಲಿಗರನ್ನು ಮರೆತಿರಲಿಲ್ಲ. ಮಾರನೆಯ ವರ್ಷ ಸಭೆಯ ಅಭಿಷೇಕಪರಂಪರೆಯು ತಪ್ಪಿಹೋಗದಂತೆ ತನ್ನ ಅಳಿಯನಾದ ಪೇತರ ಫಿಗುಲಸನು ಮೇಲಧ್ಯಕ್ಷಸ್ಥಾನಕ್ಕೆ ನೇಮಕಹೊಂದುವಂತೆಯೂ ಮಾಡಿದನು. ಆ ಅಳಿಯನು ಸಹ ಮಾವನಿಗಿಂತ ಮೊದಲೇ ತೀರಿಹೋದನು.

ಕೊನೆಯ ವರ್ಷಗಳಲ್ಲಿ ಆತನು ವೈರತ್ವದ ಮಾತನ್ನು ಬಿಟ್ಟು ಸಮಾಧಾನದ ಮಾತನ್ನು ಹಿಡಿದನು. ೧೬೬೭ರಲ್ಲಿ ಇಂಗ್ಲಿಷರೂ ಡಚ್ಚರೂ ಬ್ರೇಡಾ ಎಂಬಲ್ಲಿ ಸಂಧಿಗೆ ಕೂಡಿದಾಗ ಅವರಿಗೆ ಶಾಂತಿಯನ್ನು ಕುರಿತು ಒಂದು ಬಿನ್ನಹವನ್ನು ಬರೆದನು. ಎಲ್ಲಾ ಜನಾಂಗಗಳೂ ಎಲ್ಲಾ ಮತಪಕ್ಷಗಳೂ ಬಲಾತ್ಕಾರವಿಲ್ಲದೆ ಕೂಡಿ ಆಲೋಚಿಸುವ ಮಾರ್ಗವನ್ನು ತೋರಿಸುವ ಮಹಾಗ್ರಂಥವೊಂದನ್ನು ಬರೆಯುತ್ತಿದ್ದನು, ಅದು ಮುಗಿಯಲಿಲ್ಲ. ಅದರ ಹಸ್ತಪ್ರತಿಯು ೧೯೩೪ರಲ್ಲಿ ಜರ್ಮನಿಯ ಹಾಲೆ ಪಟ್ಟಣದಲ್ಲಿ ಸಿಕ್ಕಿತು. ೧೬೭೦ನೇ ನವೆಂಬರ್ ೧೫ರಲ್ಲಿ, ತನ್ನ ೭೮ನೇ ವಯಸ್ಸಿನಲ್ಲಿ, ಆತನು ಕರ್ತನಲ್ಲಿ ನಿದ್ರೆಹೋದನು. ಆತನ ಶರೀರವನ್ನು ನಾರ್ಡೆನ್ ಎಂಬ ಊರಿನಲ್ಲಿ, ಪರಭಾಷೆಯವರ ಸಭಾಮಂದಿರದಲ್ಲಿ ಹೂಣಿಟ್ಟರು.

೯. ಅಡಗಿದ ಬೀಜ

ಸಹೋದರರ ಸಭೆಯು ಆತನೊಂದಿಗೆ ಸತ್ತಿತೆಂದು ಲೋಕವು ಎಣಿಸಿತು. ಆದರೆ ಮೊರಾವಿಯದ ಹಳ್ಳಿಗಳಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ರಾತ್ರಿಯಲ್ಲಿ ಬಾಗಿಲು ಹಾಕಿಕೊಂಡು ಹಳೇ ಕೀರ್ತನೆಗಳನ್ನು ಕಲಿಸುತ್ತಿದ್ದರು, ಬಚ್ಚಿಟ್ಟ ಸತ್ಯವೇದವನ್ನು ತೆಗೆದು ಓದಿಸುತ್ತಿದ್ದರು. ಹಗಲಿನಲ್ಲಿ ಅವರು ಅರಸನ ಮತದವರು. ಇದು ದೋಷವೋ ಬಲಹೀನತೆಯೋ ಎಂದು ತೀರ್ಪುಮಾಡುವದು ಸುಲಭ; ಓಡಿಹೋಗುವ ಹಕ್ಕಿಲ್ಲದೆ ಹೆಂಡತಿಮಕ್ಕಳೊಂದಿಗೆ ಆ ಮನೆಗಳಲ್ಲಿ ಬಾಳುವದು ಸುಲಭವಲ್ಲ. ಮಣ್ಣಿನೊಳಗಿನ ಬೀಜವು ಹೊರಗೆ ಕಾಣುವದಿಲ್ಲ. ಆದರೂ ರೈತನು ಅದನ್ನು ಸತ್ತದ್ದೆಂದು ಹೇಳುವದಿಲ್ಲ.

೧೭೨೨ರಲ್ಲಿ ಕ್ರಿಸ್ತಿಯಾನ್ ದಾವೀದ್ ಎಂಬ ಬಡಗಿಯು ಅಲ್ಲಿಂದ ಕೆಲವು ಕುಟುಂಬಗಳನ್ನು ರಾತ್ರಿಯಲ್ಲಿ ಹೊರಡಿಸಿ ಗಡಿಯಾಚೆಗೆ ಕರಕೊಂಡುಹೋಗಿ, ಜಿಂಜೆನ್‌ಡಾರ್ಫ್ ಪ್ರಭುವಿನ ಭೂಮಿಯಲ್ಲಿ ಹೆರ್ನ್‌ಹುಟ್ ಎಂಬ ಊರಿಗೆ ಮೊದಲನೇ ಮರವನ್ನು ಕಡಿದನು. ಕೊಮೆನಿಯಸನು ಒಂದು ಅಕ್ಷರದಿಂದ ಮಾತ್ರ ಸೂಚಿಸಿದ ಹಳ್ಳಿಗಳಲ್ಲಿ ತ್ಸೌಖ್‌ಟೆಂಟಾಲ್ ಒಂದು. ಅಲ್ಲಿಂದ ಬಂದ ದಾವೀದ್ ನಿಚ್‌ಮನ್ ಎಂಬ ಬಡಗಿಯು ೧೭೩೨ರಲ್ಲಿ ಇನ್ನೊಬ್ಬ ಸಹೋದರನ ಸಂಗಡ ವೆಸ್ಟ್ ಇಂಡೀಸಿನ ಗುಲಾಮರಿಗೆ ಸುವಾರ್ತೆಯನ್ನು ಸಾರುವದಕ್ಕೆ ಹೋದನು. ೧೭೩೫ರಲ್ಲಿ ಬರ್ಲಿನಿನಲ್ಲಿ ಅದೇ ನಿಚ್‌ಮನನಿಗೆ ಮೇಲಧ್ಯಕ್ಷನ ಅಭಿಷೇಕವನ್ನು ಕೊಟ್ಟವನು ಯಬ್ಲೋನ್‌ಸ್ಕಿ. ಆತನು ಫಿಗುಲಸನ ಮಗನು, ಕೊಮೆನಿಯಸನ ಮಗಳ ಮಗನು. ತಾತನು ಅಕ್ಷರದಲ್ಲಿ ಬಚ್ಚಿಟ್ಟ ಹಳ್ಳಿಯ ಮಗನ ತಲೆಯ ಮೇಲೆ ಮೊಮ್ಮಗನು ಕೈಯಿಟ್ಟನು. ಆ ಸಹೋದರರ ಸಂತತಿಯವರೇ ೧೯ನೇ ಶತಮಾನದಲ್ಲಿ ನಮ್ಮ ಹಿಂದೂದೇಶದ ಹಿಮಾಲಯದ ಕೇಲಾಂಗ್, ಲೇಹ್ ಎಂಬ ಊರುಗಳಿಗೂ ಬಂದು ಸೇವೆಮಾಡಿದರು. ೧೭೮೧ರಲ್ಲಿ ಯೋಸೇಫ್ ಚಕ್ರವರ್ತಿಯು ಸಹನೆಯ ಶಾಸನವನ್ನು ಹೊರಡಿಸಿ ಲೂಥರನ ಸಭೆಗೂ ಸುಧಾರಿತ ಸಭೆಗೂ ಅಪ್ಪಣೆಕೊಟ್ಟಾಗ, ನೂರೈವತ್ತು ವರ್ಷ ಇಲ್ಲವೆಂದು ಹೇಳಲ್ಪಟ್ಟಿದ್ದ ಪ್ರೊಟೆಸ್ಟಂಟರು ಹಳ್ಳಿಹಳ್ಳಿಗಳಿಂದ ಹತ್ತಾರು ಸಾವಿರ ಮಂದಿ ಹೊರಗೆ ಬಂದು ಹೆಸರು ಬರೆಸಿಕೊಂಡರು. ಅವರ ಮಂದಿರಗಳಿಗೆ ಗೋಪುರವಿರಬಾರದು, ಬೀದಿಯ ಕಡೆಗೆ ಬಾಗಿಲಿರಬಾರದೆಂದು ಕಟ್ಟಳೆಯಿತ್ತು. ಅವರು ಹಿಂಬಾಗಿಲಿನಿಂದಲೇ ಹೋಗಿ ಆರಾಧಿಸಿದರು.

ಪ್ರಿಯರೇ, ಈ ಚರಿತ್ರೆಯನ್ನು ಓದಿ ರೋಮಿನ ಸಭೆಯವರನ್ನು ದ್ವೇಷಿಸುವದು ತಕ್ಕದ್ದಲ್ಲ. ಅದೇ ಶತಮಾನದಲ್ಲಿ ಪ್ರೊಟೆಸ್ಟಂಟ್ ಅರಸರು ಆಳುತ್ತಿದ್ದ ದೇಶಗಳಲ್ಲಿ ಕಥೋಲಿಕರೂ ಹೀಗೆಯೇ ನೊಂದರು. ಅಧಿಕಾರವು ಯಾರ ಕೈಯಲ್ಲಿದ್ದರೂ ಮನಸ್ಸಾಕ್ಷಿಯನ್ನು ಬಲಾತ್ಕರಿಸುವದು ಪಾಪವೇ. ಚಿಕ್ಕ ಹಿಂಡಾಗಿರುವವರು ಇದರಿಂದ ಕಲಿಯತಕ್ಕದ್ದು ಬೇರೆ. ಕೊಮೆನಿಯಸನು ದೊಡ್ಡವರನ್ನು ಆತುಕೊಂಡ ಪ್ರಯತ್ನಗಳೆಲ್ಲಾ ನಿಷ್ಫಲವಾದವು; ಮಂತ್ರಿಯು ಕೈಬಿಟ್ಟನು, ಅರಸನು ಸೋತನು, ದರ್ಶನಗಳು ಸುಳ್ಳಾದವು. ಮಕ್ಕಳಿಗಾಗಿ ಬರೆದ ಪುಸ್ತಕವೂ ಹಳ್ಳಿಗಳಿಗೆ ಕಳುಹಿಸಿದ ಚಿಕ್ಕ ಬೋಧೆಯೂ ಮಾತ್ರ ಫಲಕೊಟ್ಟವು. ನಮ್ಮ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳ ಕೈಗೆ ಸತ್ಯವೇದವನ್ನು ಕೊಟ್ಟು ಓದಿಸುವ ವಾಡಿಕೆಯು ಚಿಕ್ಕದೆಂದು ಯಾರೂ ಎಣಿಸದಿರಲಿ. ಒಂದು ಸಭೆಯನ್ನು ನೂರು ವರ್ಷ ಜೀವದಿಂದ ಉಳಿಸಿದ್ದು ಅದೇ.